ಜಗಲಿಯ ಬಂದೂಕಿಗೆ ಮೇಣ

ಕೋವಿಡ್ ಮುಗಿದ ಮರುವರ್ಷದ ಬೇಸಿಗೆ. ರಾಯಚೂರಿನಲ್ಲಿ ಪರವಾನಗಿ ಪಡೆದು ಬಂದೂಕು ರಿಪೇರಿಯ ಅಂಗಡಿ ನಡೆಸುತ್ತಿದ್ದೆ. ಮಾನ್ವಿಯಲ್ಲಿ ಗುಡಿಯ ಪೂಜೆ ಮಾಡಿಕೊಂಡಿದ್ದ ವೈಷ್ಣವರ ಮನೆಯಲ್ಲಿ ಹುಟ್ಟಿದವನು ಈ ಕಸುಬಿಗೆ ಹೇಗೆ ಬಂದೆ ಎಂಬುದು ಬೇರೆಯೇ ಕಥೆ. ಗಿರಾಕಿಗಳು ನನ್ನನ್ನು ಆಚಾರ್ರು ಎಂದೇ ಕರೆಯುತ್ತಿದ್ದರು. ಪೊಲೀಸ್ ಠಾಣೆಯಲ್ಲಿ ಯಾರಾದರೂ ‘ಬಂದೂಕು ಆಚಾರ್ರ ಕಡೆ ಅದ’ ಎಂದರೆ ಹೊಸದಾಗಿ ಬಂದ ಇನ್ಸ್‌ಪೆಕ್ಟರು ಬೆಚ್ಚಿಬೀಳುತ್ತಿದ್ದರು.

ಒಂದು ಬೆಳಿಗ್ಗೆ ಗಬ್ಬೂರಿನ ಈರಣ್ಣ ಮತ್ತು ಅವರ ಮಗಳು ಮಹಾದೇವಿ ಬಂದರು. ಈರಣ್ಣನಿಗೆ ಅರವತ್ತು ದಾಟಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಹೊಲದ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಮಗಳೇ. ಗೋಣಿತಟ್ಟು ಬಿಚ್ಚಿದರೆ ಒಳಗೆ ಅವರ ಅಜ್ಜನ ಕಾಲದ ಮಜಲ್ ಲೋಡರ್, ಅಂದರೆ ಕರಿಮದ್ದನ್ನೂ ಗುಂಡನ್ನೂ ನಳಿಕೆಯ ಬಾಯಿಯಿಂದಲೇ ತುಂಬುವ ಬಂದೂಕು. ಹಿಡಿಕೆಯ ಮೇಲೆ ವಿಭೂತಿಯ ಪಟ್ಟೆಗಳಿದ್ದವು. ಬೆಳೆ ರಕ್ಷಣೆಯ ಪರವಾನಗಿ ಈರಣ್ಣನ ಹೆಸರಿನಲ್ಲಿತ್ತು, ಅದನ್ನು ಮಹಾದೇವಿಯ ಹೆಸರಿಗೆ ಮಾಡಬೇಕಿತ್ತು. ಹಂದಿ ಬೆದರಿಸಲು ಅವರು ಬರೀ ಮದ್ದು ಹಾಕಿ ಸದ್ದು ಮಾಡುತ್ತಿದ್ದುದೇ ಹೆಚ್ಚು. ಆದರೆ ತಪಾಸಣೆಯಲ್ಲಿ ಅಧಿಕಾರಿಯ ಎದುರು ಗುಂಡು ತುಂಬಿ ಮೂರು ಸಲ ಹಾರಿಸಿ ತೋರಿಸಬೇಕಿತ್ತು. ಆಗದಿದ್ದರೆ ಬಂದೂಕು ನಿರುಪಯೋಗಿ ಎಂದು ಬರೆದು, ನಳಿಕೆ ಕತ್ತರಿಸಿ ಗುಜರಿಗೆ ಹಾಕುತ್ತಾರೆ.

ಮನೆಯಲ್ಲಿ ಅಭ್ಯಾಸಕ್ಕೆಂದು ಒಂದು ಗುಂಡು ಹಾರಿಸಿ, ಎರಡನೆಯದನ್ನು ತುಂಬುವಾಗ ಅದು ನಳಿಕೆಯ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಕೆಳಗೆ ಮದ್ದು, ನಡುವೆ ಖಾಲಿ ಜಾಗ, ಮೇಲೆ ಗುಂಡು. ಹಾಗೇ ಹಾರಿಸಿದರೆ ನಳಿಕೆ ಒಡೆದು ಎಡಗೈ ಹೋಗುತ್ತದೆ, ಕೆಲವೊಮ್ಮೆ ಜೀವವೂ. ಬಂದೂಕಿನ ಕುದುರೆ, ಅಂದರೆ ಟ್ರಿಗರ್ ಎಳೆಯದೆ ನನ್ನ ಹತ್ತಿರ ತಂದದ್ದು ಮಹಾದೇವಿಯ ಪುಣ್ಯ.

ಮೊದಲು ನೀರು ಬಿಟ್ಟು ಮದ್ದನ್ನು ಕೆಡಿಸಿದೆ. ಆಮೇಲೆ ತಿರುಪಿನ ಸರಳಿನಿಂದ ಗುಂಡನ್ನು ಹೊರಗೆಳೆದೆ. ಅದರ ಹಿಂದೆ ಡಾಂಬರಿನಂಥ ಕರಿ ಅಂಟು ಬಂತು. ಏನು ಹಚ್ಚುತ್ತೀರಿ ಎಂದು ಕೇಳಿದ್ದಕ್ಕೆ ಈರಣ್ಣ ಹೆಮ್ಮೆಯಿಂದಲೇ ಹೇಳಿದರು.

“ಪ್ರತಿ ಮಾನೌಮಿಗೆ ಆಯುಧ ಪೂಜಿ ಮಾಡಿ, ನಳಿಕಿ ತುಂಬ ಟ್ರ್ಯಾಕ್ಟರಿನ ಗ್ರೀಸ್ ಹಾಕ್ತೀವ್ರಿ. ಜಿಪುಣತನ ಮಾಡೇ ಇಲ್ಲ.”

ಭಕ್ತಿ ಹೆಚ್ಚಾಗಿ ಬಂದೂಕಿನ ಉಸಿರು ಕಟ್ಟಿತ್ತು. ಕರಿಮದ್ದು ಉರಿದರೆ ಅರ್ಧಕ್ಕಿಂತ ಹೆಚ್ಚು ಪಾಲು ಕಿಟ್ಟವಾಗಿ ಒಳಗೇ ಕೂರುತ್ತದೆ. ಪೆಟ್ರೋಲಿಯಂ ಗ್ರೀಸು ಆ ಕಿಟ್ಟದ ಜೊತೆ ಸೇರಿ ಸುಟ್ಟರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಗುಂಡಿಗೆ ಸುತ್ತುವ ಹತ್ತಿ ಬಟ್ಟೆಗೆ ಹಚ್ಚುವ ಲೂಬ್ರಿಕೆಂಟು ಪ್ರಾಣಿಯದೋ ಗಿಡದ್ದೋ ಕೊಬ್ಬಾಗಿರಬೇಕು. ಆಗ ಕಿಟ್ಟ ಮೆತ್ತಗಿದ್ದು ಮುಂದಿನ ಗುಂಡಿಗೆ ದಾರಿ ಬಿಡುತ್ತದೆ.

ಕುದಿಯುವ ನೀರು ಸುರಿದು, ಬ್ರಷ್ ಹಾಕಿ ತಿಕ್ಕಿ, ಮಧ್ಯಾಹ್ನದ ಹೊತ್ತಿಗೆ ನಳಿಕೆಯೊಳಗೆ ಬೆಳಕು ಬಿಟ್ಟು ನೋಡಿದೆ. ನನ್ನ ಮೈ ಜುಮ್ಮೆಂದಿತು. ಹಳ್ಳಿಯ ಬಂದೂಕುಗಳ ನಳಿಕೆ ಒಳಗೆ ನುಣ್ಣಗಿರುವುದು ಸಾಮಾನ್ಯ. ಇದರೊಳಗೆ ಏಳು ಗೀರುಗಳು ಒಂದಕ್ಕೊಂದು ಅಂತರ ತಪ್ಪದೆ ಸುತ್ತುತ್ತಾ ತಳದವರೆಗೆ ಇಳಿದಿದ್ದವು. ಗುಂಡು ತಿರುಗುತ್ತಾ ನೇರ ಹೋಗಲಿ ಎಂದು ಯಾರೋ ಕೈಯಿಂದಲೇ ಕೊರೆದದ್ದು. ಅವನ ಹೆಸರು ಎಲ್ಲೂ ಇರಲಿಲ್ಲ. ಮಹಾದೇವಿಯನ್ನು ಕರೆದು ತೋರಿಸಿದೆ. ಅವಳು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. ಇಂಥದ್ದನ್ನು ಕತ್ತರಿಸಲು ಬಿಡಬಾರದು ಎಂದು ನನಗೆ ಹಟ ಹುಟ್ಟಿದ್ದು ಆಗಲೇ.

ನಮ್ಮ ಕಸುಬಿನಲ್ಲಿ ರೂಢಿಯ ಮಿಶ್ರಣ ಒಂದಿದೆ: ಜೇನುಮೇಣ ಮತ್ತು ಕುರಿಯ ಕೊಬ್ಬು. ಅದರ ಡಬ್ಬಿ ತೆಗೆದು ಬಟ್ಟೆಗೆ ಹಚ್ಚತೊಡಗಿದೆ. ಇದರಲ್ಲಿ ಏನೇನಿದೆ ಎಂದು ಮಹಾದೇವಿ ಕೇಳಿದಳು, ಹೇಳಿದೆ. ಈರಣ್ಣ ಎದ್ದು ನಿಂತರು. ಅವರ ಕೈ ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಹಿಡಿದಿತ್ತು.

“ನಮ್ಮಪ್ಪ ಬಟ್ಟಿ ಬಾಯಾಗ ಇಟಗೊಂಡು ಹಸಿ ಮಾಡಿ ಗುಂಡು ತುಂಬತಿದ್ದ. ನಾನೂ ಹಂಗ ಮಾಡ್ತೀನ್ರಿ. ಬಂದೂಕು ಇರೂದು ದೇವರ ಜಗಲಿ ಮ್ಯಾಲ. ಇದು ಆಗಂಗಿಲ್ಲ. ಬೇಕಾದ್ರ ಅವರು ಕತ್ತರಿಸಲಿ.”

ಕಡೆಯ ಮಾತು ಹೇಳುತ್ತಲೇ ಬಂದೂಕನ್ನು ಗೋಣಿತಟ್ಟಿಗೆ ಸುತ್ತತೊಡಗಿದರು. ನನಗೆ ನಗು ಬಂತು, ಅವರನ್ನು ಕಂಡಲ್ಲ. ಆ ಡಬ್ಬಿಯನ್ನು ನಾನೇ ಮನೆಗೆ ಒಯ್ದವನಲ್ಲ. ಕೊಬ್ಬು ಕಾಯಿಸಿದ ದಿನ ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಳ್ಳದೆ ನನ್ನ ಹೆಂಡತಿ ಒಳಗೇ ಬಿಡುತ್ತಿರಲಿಲ್ಲ. ನಮ್ಮ ಅಡುಗೆಮನೆಗೆ ಬಾರದ್ದನ್ನು ಅವರ ಜಗಲಿಗೆ ಹೇಗೆ ಕಳಿಸಲಿ? ಬೇರೆ ಏನಾದರೂ ಮಾಡೋಣ, ಕೂಡ್ರಿ ಎಂದೆ.

ಮೇಣಕ್ಕೆ ಸಮಪಾಲು ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಹಾಕಿ ಕಾಯಿಸಿದೆ. ಔಡಲ ಎಣ್ಣೆ ಬಿಸಿಗೆ ಬೇಗ ಸೀಯುವುದಿಲ್ಲ, ಕರಿಮದ್ದಿನ ಕಿಟ್ಟಕ್ಕೂ ಒಗ್ಗುತ್ತದೆ. ಅನುಮತಿ ಇದ್ದ ಮೈದಾನಕ್ಕೆ ಹೋಗಿ ಮೊದಲ ಗುಂಡು ತುಂಬಿ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ರಾಯಚೂರಿನ ಬಿಸಿಲು ತನ್ನ ಕೆಲಸ ಮಾಡಿತ್ತು. ಮದ್ದಿಗೆ ಕಿಡಿ ಕೊಡುವ ಕ್ಯಾಪ್ ಸಿಡಿಯಿತು, ಗುಂಡು ಹಾರಲಿಲ್ಲ. ಕಾದ ನಳಿಕೆಯೊಳಗೆ ಮಿಶ್ರಣ ಕರಗಿ ಮದ್ದಿನೊಳಕ್ಕೆ ಇಳಿದು ಅದನ್ನು ತೋಯಿಸಿತ್ತು. ಈರಣ್ಣ ತಲೆಯ ಮೇಲೆ ಟವೆಲ್ ಹಾಕಿಕೊಂಡು ಕುಳಿತುಬಿಟ್ಟರು. ತಪಾಸಣೆ ಮುಂದಿನ ವಾರವೇ ಇತ್ತು.

ಆ ನಡುವೆ ಮಾನ್ವಿಗೆ ಅಣ್ಣನ ಮನೆಗೆ ಹೋಗುವ ಕೆಲಸ ಬಿತ್ತು. ದಾರಿಯ ಒಂದು ಹಳ್ಳಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಚಹಾ ಕುಡಿಯುತ್ತಾ ತಲೆ ಎತ್ತಿದರೆ ಊರಿನ ನೀರಿನ ಟ್ಯಾಂಕಿನ ಅಂಚಿಗೆ ಹೆಜ್ಜೇನಿನ ಹುಟ್ಟು. ನಮ್ಮ ಮನೆಯ ಬಾಗಿಲಿನಷ್ಟು ಅಗಲ. ಡಾಂಬರು ರಸ್ತೆ ಚಪ್ಪಲಿಗೆ ಅಂಟುವ ಬಿಸಿಲಿನಲ್ಲಿ, ತುಪ್ಪದ ಭಾರ ಹೊತ್ತು, ಒಂದು ಹನಿಯೂ ಸೋರದೆ ಅದು ತೂಗುತ್ತಿತ್ತು. ಹುಳುಗಳು ರೆಕ್ಕೆ ಬೀಸಿ ಗೂಡನ್ನು ತಂಪು ಮಾಡುತ್ತವೆಂದು ಓದಿದ್ದೆ. ಆದರೂ ಅಷ್ಟೆಲ್ಲವನ್ನೂ ಹಿಡಿದು ನಿಲ್ಲಿಸಿದ್ದು ಉಗುರಿಗಿಂತ ತೆಳ್ಳಗಿನ ಮೇಣ. ವರ್ಷಗಟ್ಟಲೆ ಕೈಯಲ್ಲಿ ಹಿಡಿದು ಕರಗಿಸಿದ ವಸ್ತುವನ್ನು ಅವತ್ತು ಮೊದಲ ಸಲ ನೋಡಿದಂತಾಯಿತು. ಬಸ್ಸು ರಿಪೇರಿಯಾಗಿ ಕಂಡಕ್ಟರು ಕೂಗಿದರೂ ನಾನು ಕದಲಲಿಲ್ಲ. ಚಹಾದಂಗಡಿಯವನು ‘ಕಡಿತಾವ್ರೀ, ಹಿಂದ ಸರೀರಿ’ ಎಂದು ನನ್ನ ತೋಳು ಹಿಡಿದು ಎಳೆದ.

ಮಾರನೆಯ ದಿನ ಪಾಲು ಬದಲಿಸಿದೆ: ಮೇಣ ಎರಡು ಪಾಲು, ಎಣ್ಣೆ ಒಂದು ಪಾಲು. ತಣಿದ ಮೇಲೆ ಬಿಸಿಲಿಗೆ ಕಾದ ಕಬ್ಬಿಣದ ತಗಡಿನ ಮೇಲೆ ಸವರಿದ ಬಟ್ಟೆಯನ್ನಿಟ್ಟು ಕಾದೆ. ಮೆತ್ತಗಾಯಿತು, ಹರಿಯಲಿಲ್ಲ.

ತಪಾಸಣೆಯ ದಿನ ಮೈದಾನದಲ್ಲಿ ಗಾಳಿಯೂ ಕೆಂಡದಂತಿತ್ತು. ಕಣ್ಣು ಮಂದವಾಗಿದ್ದರೂ ಗುಂಡು ತುಂಬುವ ಕೆಲಸವನ್ನು ಈರಣ್ಣ ತಾವೇ ವಹಿಸಿಕೊಂಡರು, ಮಗಳು ಗುರಿ ಹಿಡಿದು ಹಾರಿಸುವುದೆಂದಾಯಿತು. ಮೊದಲನೆಯದು ಹಾರಿತು, ಬಿಳಿ ಹೊಗೆ ಎಲ್ಲರನ್ನೂ ಮುಚ್ಚಿತು. ಎರಡನೆಯದನ್ನು ತುಂಬುವಾಗ ನಾನು ಗುಂಡು ತಳ್ಳುವ ಸರಳನ್ನೇ ನೋಡುತ್ತಿದ್ದೆ. ಸರಳು ತಳದವರೆಗೆ ಇಳಿಯಿತು. ಮೂರನೆಯದಕ್ಕೆ ಮೇಣ ಸವರಿದ ಬಟ್ಟೆ ತೆಗೆದುಕೊಂಡ ಈರಣ್ಣ, ಅಭ್ಯಾಸಬಲದಿಂದ ಅದನ್ನು ಬಾಯಿಗಿಟ್ಟರು. ನಾನು ‘ಬ್ಯಾಡ್ರಿ’ ಎನ್ನುವಷ್ಟರಲ್ಲಿ ಅವರ ಮುಖ ಅರಳಿತ್ತು.

“ಜೇನಿನ ವಾಸನಿ ಅದ, ಯವ್ವಾ,” ಎಂದರು ಮಗಳಿಗೆ.

ಸರಳಿನ ಮೇಲೆ ಎರಡು ಬೆರಳು ಒತ್ತಿದ್ದಕ್ಕೇ ಗುಂಡು ಒಳಗೆ ಜಾರಿತು. ಮಹಾದೇವಿ ಹಾರಿಸಿದಳು. ದೂರದ ಹಲಗೆಯಲ್ಲಿ ಮೂರು ತೂತುಗಳನ್ನೂ ಒಂದೇ ಅಂಗೈಯಿಂದ ಮುಚ್ಚಬಹುದಿತ್ತು. ಅಧಿಕಾರಿ ಹತ್ತಿರ ಹೋಗಿ ಅಂಗೈ ಇಟ್ಟೇ ನೋಡಿದರು. ಸಹಿಗೆ ಮುಂಚೆ, ತಮಗೂ ನಳಿಕೆಯೊಳಗೆ ನೋಡಲು ಕೊಡಿ ಎಂದು ಕೇಳಿದರು. ಒಳಗೆ ಕಿಟ್ಟ ಹಸಿಯಾಗಿ ಹೊಳೆಯುತ್ತಿತ್ತು, ಅದರಡಿಯಲ್ಲಿ ಏಳೂ ಗೀರುಗಳು ಕಾಣುತ್ತಿದ್ದವು.

ಲೂಬ್ರಿಕೆಂಟ್ ಆರಿಸುವಾಗ ಕಬ್ಬಿಣವನ್ನೂ ಮದ್ದನ್ನೂ ಕೇಳಿದರೆ ಸಾಕು ಎಂದುಕೊಂಡಿದ್ದೆ. ಊರಿನ ಬಿಸಿಲನ್ನೂ, ಬಂದೂಕು ರಾತ್ರಿ ಎಲ್ಲಿ ಮಲಗುತ್ತದೆ ಎಂಬುದನ್ನೂ ಕೇಳಬೇಕು ಎಂದು ಆ ಕೆಲಸ ನನಗೆ ಕಲಿಸಿತು. ಆ ವರ್ಷದ ಮಾನೌಮಿಗೆ ಗಬ್ಬೂರಿಗೆ ಊಟಕ್ಕೆ ಕರೆದರು. ಜಗಲಿಯ ಮೇಲೆ ಬಂದೂಕು ಮಲಗಿತ್ತು. ಪಕ್ಕದಲ್ಲಿ ವಿಭೂತಿ ಗಟ್ಟಿ, ಅದರ ಪಕ್ಕದಲ್ಲಿ ನಾನು ಕಾಯಿಸಿಕೊಟ್ಟ ಮೇಣದ ಡಬ್ಬಿ. ಡಬ್ಬಿಯ ಮುಚ್ಚಳಕ್ಕೂ ಮಹಾದೇವಿ ಮೂರು ಬೆರಳಿನ ವಿಭೂತಿ ಎಳೆದಿದ್ದಳು.