ಎಪ್ಪತ್ತನೇ ನಿಮಿಷದ ಮೀನಖಂಡ

ಬೇತಮಂಗಲದ ಸುಧಾಕರ್ ಒಂಬತ್ತು ವರ್ಷದಲ್ಲಿ ಬೆಂಗಳೂರಿನ ಐದು ಕ್ಲಬ್ಬುಗಳಿಗೆ ಫುಟ್‌ಬಾಲ್ ಆಡಿದ. ಮೈದಾನದ ನಡುವೆ ನಿಂತು ಚೆಂಡು ಕಸಿದು ಮುಂದಿನವರಿಗೆ ದಾಟಿಸುವುದು ಅವನ ಕೆಲಸ. ಆ ಕೆಲಸದಲ್ಲಿ ಅವನನ್ನು ಹಳಿಯುವ ಹಾಗಿರಲಿಲ್ಲ. ಆದರೆ ಎಪ್ಪತ್ತನೇ ನಿಮಿಷವಾಯಿತೋ, ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಆಸಾಮಿ ಕುಂಟುತ್ತ ಹೊರಗೆ ಬರುತ್ತಿದ್ದ, ಬದಲಿ ಆಟಗಾರ ಒಳಗೆ ಹೋಗುತ್ತಿದ್ದ. ಆ ಮೀನಖಂಡಕ್ಕೆ ಊರ ಕಡೆ ಹೋಗುವ ಮಾರಿಕುಪ್ಪಂ ರೈಲಿನ ಹೊತ್ತು ಬಾಯಿಪಾಠ. ಕುಂಟಿದವನೇ ಐದು ನಿಮಿಷದಲ್ಲಿ ಬ್ಯಾಗು ಹೊತ್ತು ಸ್ಟೇಷನ್ನಿಗೆ ಓಡುವುದನ್ನು ನೋಡಿದರೆ ಎಂಥವರಿಗೂ ಮೈ ಉರಿಯಬೇಕು.

ಯಾಕಪ್ಪ ಎಂದು ಕೇಳಿದವರಿಗೆ ಒಂದೇ ಉತ್ತರ: "ನಮ್ ಸೀಮೆ ಅಸು ನನ್ ಕೈಗೆ ಬಿಟ್ರೆ ಯಾರಿಗೂ ಆಲು ಕೊಡಲ್ಲ. ಡೇರಿ ಮುಚ್ಚೋದ್ರಾಗೆ ಓಗಿ ಕರೀಬೇಕು." ಒಂದೊಂದು ಕ್ಲಬ್ಬೂ ಒಂದೆರಡು ವರ್ಷ ಸಹಿಸಿ, ಕೈಮುಗಿದು ಕಳಿಸಿತು.

ಐದನೆಯದು ಒಂದು ಸರ್ಕಾರಿ ಕಚೇರಿಯ ತಂಡ. ಅಲ್ಲಿ ಆಟಗಾರರಿಗೆಂದು ಒಂದೇ ಒಂದು ಕಾಯಂ ನೌಕರಿ ಖಾಲಿ ಇತ್ತು. "ಕೊನೇ ಮ್ಯಾಚು ಪೂರ್ತಿ ಆಡು ಸುಧಾಕರ. ಸಾಹೇಬ್ರು ನೋಡೋಕೆ ಬರ್ತಾರೆ, ಕೆಲಸ ನಿಂದೇ" ಎಂದರು ಕೋಚ್ ರಾಜ್‌ಕುಮಾರ್. ಮೂವತ್ತು ದಾಟಿದವನಿಗೆ ಅಂಥ ಮಾತು ಇನ್ನೊಮ್ಮೆ ಯಾರೂ ಆಡುವುದಿಲ್ಲ. ಅದು ಅವನಿಗೂ ಗೊತ್ತಿತ್ತು.

ಆ ದಿನ ಎರಡೂ ತಂಡದ್ದು ಒಂದೊಂದು ಗೋಲು. ಅರವತ್ತೆಂಟನೇ ನಿಮಿಷದಲ್ಲಿ ಎದುರಾಳಿಯೊಬ್ಬ ಸುಧಾಕರನ ಕಾಲಿನಿಂದಲೇ ಚೆಂಡು ಕಿತ್ತು ಹೊಡೆದ. ಕಂಬಕ್ಕೆ ಬಡಿದು ಬಚಾವಾಯಿತು. ಸುಧಾಕರ ಕಂಬದ ಕಡೆ ನೋಡಲಾರದೆ ಮುಖ ತಿರುಗಿಸಿದ. ಎರಡೇ ನಿಮಿಷ, ಮೀನಖಂಡ ಹಿಡಿದುಕೊಂಡಿತು. ಅವನ ಜಾಗಕ್ಕೆ ಊರಿಗಾಂನ ಸೆಲ್ವರಾಜ್ ಇಳಿದ.

ಬಂಗಾರಪೇಟೆಯಲ್ಲಿ ಇಳಿದಾಗ ಫೋನು ಬಂತು. ಕೊನೆಯ ನಿಮಿಷದಲ್ಲಿ ಸೆಲ್ವರಾಜ್ ಗೋಲು ಹೊಡೆದಿದ್ದ, ಸಾಹೇಬರು ಅವನ ಹೆಸರನ್ನೇ ಬರೆದುಕೊಂಡಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಈ ಮಹಾನುಭಾವ ತುತ್ತನ್ನು ಪಕ್ಕದವನ ಬಾಯಿಗಿಟ್ಟು ರೈಲು ಹತ್ತಿದ್ದ. ನಾನಿಲ್ಲದಿದ್ದರೆ ಹಸುವಿನ ಗತಿಯೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತ ಮನೆ ಸೇರಿದ.

ಹಸು ಮಲಗಿ ಮೆಲುಕು ಹಾಕುತ್ತಿತ್ತು. ತಾಯಿ ಮುನಿನಾರಾಯಣಮ್ಮ ಹಾಲು ಕರೆದು, ಡೇರಿಗೆ ಹಾಕಿ ಬಂದು, ಕ್ಯಾನು ತೊಳೆಯುತ್ತಿದ್ದಳು.

"ನಿಂಗೆ ಎಂಗಮ್ಮ ಕೊಡ್ತು?"

"ಅದು ಯಾರ್ ಕೂತ್ರೂ ಕೊಡ್ತದೆ ಕಣ್ಲಾ. ಸೋಲೋದು ನೋಡಾಕೆ ನಿಂಗೇ ಬಯ. ಮಗನ ಮಾನ ನಾನ್ಯಾಕೆ ಕಳೀಲಿ ಅಂತ ಇಷ್ಟು ವರ್ಸ ಸುಮ್ಕಿದ್ದೆ. ಇವತ್ತಾದ್ರೂ ನಿಂತ್ಕೊಂಡು ಆಡ್ತೀಯ ಅಂತ ನಾನೇ ಕರ್ದೆ."