ವಳ್ಳೂರಿಗೆ ಕ್ಷಮೆ ಕೇಳಲು ಹೋದದ್ದು

ಶನಿವಾರ ಬೆಳಿಗ್ಗೆ ಏಳಕ್ಕೆ ಕೊರಟಗೆರೆಯಲ್ಲಿ ಖಾಸಗಿ ಬಸ್ಸು ಹತ್ತಿದೆ. ಮಧುಗಿರಿ ಅರ್ಧ ಗಂಟೆಯ ದಾರಿ. ಆದರೆ ನಾನು ಹೋಗಬೇಕಾದದ್ದು ಪಾವಗಡವನ್ನೂ ದಾಟಿ, ಸೋಲಾರ್ ಪಾರ್ಕಿನ ನಡುವೆ ಇರುವ ವಳ್ಳೂರಿಗೆ, ತಂಗಿ ಸುಗುಣಳ ಮನೆಗೆ. ಎರಡು ವರ್ಷದ ಹಿಂದೆ ಅವಳ ಹೊಸಮನೆ ಪ್ರಾರ್ಥನೆಯ ದಿನ, ನೆಂಟರೆಲ್ಲ ನೋಡುತ್ತಿದ್ದಂತೆಯೇ ಅವಳ ಗಂಡ ಪ್ರಭುದಾಸನ ಕೆನ್ನೆಗೆ ಹೊಡೆದು, ಊಟ ಮಾಡದೆ, ಯಾಕೆಂದು ಹೇಳದೆ ಎದ್ದು ಬಂದವನು ನಾನು. ಆಮೇಲೆ ತಂಗಿಯ ಫೋನನ್ನೂ ಎತ್ತಲಿಲ್ಲ.

ನನ್ನ ಸಿಟ್ಟು ಕೊರಟಗೆರೆಗೆಲ್ಲ ಗೊತ್ತು. ನನ್ನ ಟೈಲರ್ ಅಂಗಡಿಗೆ ಬಂದ ಗಿರಾಕಿ 'ಆಯ್ತಾ?' ಎಂದು ಎರಡು ಸಲ ಕೇಳಿದರೆ ಬಟ್ಟೆ ವಾಪಸ್ ಎಸೆಯುವ ಪ್ರಾಣಿ ನಾನು. ಆದರೆ ಪ್ರಭುದಾಸನ ವಿಷಯದಲ್ಲಿ ನ್ಯಾಯ ನನ್ನ ಕಡೆಗೇ ಇದೆ ಎಂದು ನಂಬಿದ್ದೆ. ಅವನು ಅಡುಗೆಯವನಿಗೆ ತೆಲುಗಿನಲ್ಲಿ 'ಬಾವ ಪಂದಿ' ಎಂದದ್ದನ್ನು ಕಿವಿಯಾರೆ ಕೇಳಿದ್ದೆ. ನನ್ನ ತೆಲುಗು ಅಷ್ಟಕ್ಕಷ್ಟೇ. ಆದರೂ ಪಂದಿ ಎಂದರೆ ಹಂದಿ ಎನ್ನುವಷ್ಟು ಗೊತ್ತಿತ್ತು.

ಅಂದಿನಿಂದ ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಹಂಚುವ ಹೊತ್ತಿಗೆ, ಮನಸ್ಸಿನಲ್ಲಿ ಹಗೆ ಇಟ್ಟುಕೊಂಡು ಅದನ್ನು ಮುಟ್ಟಬಾರದೆಂದು, ನಾನು ಸಭೆಯಿಂದ ಹೊರಗೆ ಹೋಗಿ ನಿಲ್ಲುತ್ತಿದ್ದೆ. ಹಿಂದಿನ ಭಾನುವಾರ ಪಾಸ್ಟರು ಕರೆದು ಕೇಳಿದರು. ಎಲ್ಲ ಹೇಳಿದೆ.

"ಅವ್ರು ಏನಂದ್ರು ಅಂತ ದೇವ್ರು ನಿಮ್ಮನ್ನ ಕೇಳಲ್ಲ ಜೋಸೆಫಣ್ಣ. ನಿಮ್ಮ ಕೈ ಏನ್ ಮಾಡ್ತು ಅಂತ ಕೇಳ್ತಾನೆ. ಹೋಗಿ ಕ್ಷಮೆ ಕೇಳಿ," ಎಂದರು.

"ಮೊದ್ಲು ಅವ್ನು ಕೇಳ್ಲಿ," ಎಂದೆ.

"ದೇವ್ರ ಮಾತಿಗೆ ನೀವು ಷರತ್ತು ಹಾಕ್ಬೇಡಿ."

ಪಾಸ್ಟರ ಮೇಲೂ ಸಿಟ್ಟು ಬಂತು. ಆದರೆ ವಾರವಿಡೀ ಮಿಷನ್ ತುಳಿಯುವಾಗಲೆಲ್ಲ ಆ ಮಾತೇ. ಕೊನೆಗೆ ನನ್ನ ಹೆಂಡತಿಯೇ ಬಟ್ಟೆ ಇಸ್ತ್ರಿ ಮಾಡಿಟ್ಟಳು. "ಹೋಗ್ಬುಟ್ಟು ಬಾ. ಬಾಗ್ಲು ತೆಗೀದಿದ್ರೆ ಹೊರಗೇ ನಿಂತು ಹೇಳ್ಬುಟ್ಟು ಬಾ. ಅಲ್ಲೂ ಕೂಗಾಡೀಯ ಮತ್ತೆ," ಎಂದಳು.

ಮಧುಗಿರಿ ಸ್ಟ್ಯಾಂಡಿನಲ್ಲಿ ಎರಡು ಇಡ್ಲಿ ತಿಂದೆ, ರುಚಿ ಹತ್ತಲಿಲ್ಲ. ಪಾವಗಡದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ನಿಂತೇ ಹೊರಟೆ. ಮಿಡಿಗೇಶಿಯಲ್ಲಿ ಕುರಿ ಕಾಯುವ ಮುದುಕರೊಬ್ಬರು ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಒಂದು ಮರಿ ಇಟ್ಟುಕೊಂಡು ಹತ್ತಿ ನನಗೆ ಒತ್ತಿ ನಿಂತರು. ಬಸ್ಸು ಒಂದು ಮೈಲಿ ಹೋಗಿರಲಿಲ್ಲ, ಮರಿ ನನ್ನ ಪ್ಯಾಂಟಿನ ಮೇಲೆ ಉಚ್ಚೆ ಹೊಯ್ದಿತು. ಬೈಗುಳ ನಾಲಿಗೆ ತುದಿಗೆ ಬಂತು. ಹಲ್ಲು ಕಚ್ಚಿ, ದೇವರೇ ದೇವರೇ ಎಂದುಕೊಳ್ಳುತ್ತ ಅವರನ್ನೇ ನೋಡಿದೆ.

"ಬೈದ್ಬುಡಪ್ಪ, ಯಾಕಂಗೆ ನೋಡ್ತೀಯ?" ಎಂದರು ಮುದುಕರು.

"ಇವತ್ತು ಬೈಯಂಗಿಲ್ಲ ಯಜಮಾನ್ರೆ."

"ಉಪ್ವಾಸನಾ?"

"ಅಂಗೇ ಅನ್ಕಳಿ."

ಅವರು ಕಂಬಳಿಯ ತುದಿಯಿಂದಲೇ ನನ್ನ ಪ್ಯಾಂಟು ಒರೆಸಿದರು.

ಪಾವಗಡಕ್ಕೆ ಬರುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಅಲ್ಲಿಂದ ಇನ್ನೊಂದು ಬಸ್ಸು. ದಾರಿಯ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಪ್ಯಾನೆಲ್‌ಗಳು. ಅವುಗಳನ್ನು ತೊಳೆಯುವ ಕೆಲಸ ಪ್ರಭುದಾಸನದು. ಮನೆ ತಲುಪಿದಾಗ ಅವನು ಆಗತಾನೆ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದ. ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಆ ಹೆಜ್ಜೆ ನೋಡಿ ನನಗೆ ನಾಚಿಕೆಯಾಯಿತು. ಸುಗುಣ ಬಾಗಿಲಿಗೆ ಬಂದು ಸೆರಗು ಬಾಯಿಗೊತ್ತಿ ನಿಂತಳು.

"ಪ್ರಭು, ನಾನು ಕೈ ಮಾಡಬಾರದಿತ್ತು. ತಪ್ಪಾಯ್ತು. ಕ್ಷಮಿಸಿಬಿಡಪ್ಪ," ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಉಳಿದ ಮಾತೆಲ್ಲ ಮರೆತುಹೋಗಿತ್ತು.

ಅವನು ಕುರ್ಚಿ ತಂದು ಹಾಕಿದ. "ಕೂತ್ಕಳಿ ಬಾವ. ಆಯ್ತು ಬುಡಿ. ಆದ್ರೆ ಎಂದುಕು, ಯಾಕೆ ಹೊಡೆದ್ರಿ, ಅದ್ನ ಹೇಳಿ. ಎರಡು ವರ್ಷದಿಂದ ಯೋಚ್ನೆ ಮಾಡಿ ಮಾಡಿ ಸಾಕಾಗೋಗೈತೆ."

ಹೇಳಿದೆ. ಅವನು ಬಾಯಿ ಬಿಟ್ಟು ನೋಡುತ್ತ ಕುಳಿತ. ಸುಗುಣ ಹಣೆ ಚಚ್ಚಿಕೊಂಡಳು. "ಪಂದಿ ಅಲ್ಲ ಕಣಣ್ಣ, ಪಂದಿಟ್ಲೋ. ಪಂದಿರಿ ಅಂದ್ರೆ ಚಪ್ರ, ಪಂದಿಟ್ಲೋ ಅಂದ್ರೆ ಚಪ್ರದಾಗೆ. ನಮ್ ಬಾವ ಚಪ್ರದಾಗೆ ಅವ್ರೆ, ಮೊದ್ಲು ಅವ್ರಿಗೆ ಬಡ್ಸು ಅಂತ ಹೇಳ್ತಿದ್ರು ಇವ್ರು."

ಮೊದಲು ನಕ್ಕವನು ಪ್ರಭುದಾಸ. ಆಮೇಲೆ ಸುಗುಣ. ನಾನೂ ನಕ್ಕೆ, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಎಂಥ ಮುಠ್ಠಾಳ ನಾನು. ಆದರೂ ತಲೆ ಮೇಲಿನ ಕಲ್ಲುಚಪ್ಪಡಿ ಇಳಿಸಿದಷ್ಟು ಹಗುರವಾಯಿತು. ಮುದ್ದೆ, ಹುರುಳಿಕಾಳಿನ ಸಾರು ಹೊಟ್ಟೆ ತುಂಬ ಉಂಡೆ.

ನಾಲ್ಕು ಗಂಟೆಗೆ ಪ್ರಭುದಾಸ ಬೈಕಿನಲ್ಲಿ ಬಸ್ ಸ್ಟಾಪಿಗೆ ಬಿಟ್ಟ. ಬಸ್ಸು ಕಂಡಾಗ ಮೆಲ್ಲಗೆ ಕೇಳಿದ, "ಬಾವ, ನಾನು ನಿಜವಾಗ್ಲೂ ಪಂದಿ ಅಂದಿದ್ರೆ?"

"ಅಂದಿದ್ದೀಯ ಅನ್ಕಂಡೇ ಬಂದೆ ಕಣಪ್ಪ," ಎಂದೆ.

ಅವನು ಬೈಕನ್ನು ಅಂಗಡಿಯ ಪಕ್ಕ ನಿಲ್ಲಿಸಿ ಬೀಗ ಹಾಕಿದ. ನಾನು ಹತ್ತಿ ಕುಳಿತೆ. ಹಿಂದೆಯೇ ಅವನೂ ಹತ್ತಿ ಬಂದು ನನ್ನ ಪಕ್ಕ ಕುಳಿತ.

"ನೀನೆಲ್ಲಿಗೆ?"

"ಪಾವಗಡದ ತಂಕ ಬಿಟ್ಟು ಬತ್ತೀನಿ," ಎಂದು ಹೇಳಿ, ಎರಡು ಟಿಕೆಟ್ಟೆಂದು ಕಂಡಕ್ಟರನಿಗೆ ಎರಡು ಬೆರಳು ತೋರಿಸಿದ.