ಹುರಿದ ಅಲಸಂದಿ

ಮೊನ್ನೆ ಸೊಸೆ ಹಂಚಿನ ಮೇಲೆ ಅಲಸಂದಿ ಕಾಳು ಹುರಿಯುತ್ತಿದ್ದಳು. ಪಡಸಾಲೆಯಲ್ಲಿ ಕುಳಿತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ಎದ್ದು ಅಂಗಳಕ್ಕೆ ಹೋದೆ. ಎಲ್ಲರ ಬಾಯಲ್ಲೂ ನೀರೂರಿಸುವ ವಾಸನೆ ಅದು. ನನಗೆ ಮಾತ್ರ ಮೂವತ್ತು ವರ್ಷವಾದರೂ ಮೈ ಮುದುಡುತ್ತದೆ... ಬಾಜೂ ಹೊಲದ ಅಕ್ಕ ಕಣ್ಣ ಮುಂದೆ ಬಂದು ನಿಲ್ಲುತ್ತಾಳೆ.

ನಾನು ಹುಕ್ಕೇರಿ ಕಡೆಯಿಂದ ಕಲ್ಲೋಳಿ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದವಳು. ನಮ್ಮದು ಎರಡೆಕರೆ, ಬದುವಿನ ಆಚೆ, ನಾನು ಅಕ್ಕ ಎಂದು ಕರೆಯುತ್ತಿದ್ದ ಆಕೆಯದೂ ಅಷ್ಟೇ. ಅದೇ ಮಣ್ಣು, ಅದೇ ಕಾಲುವೆ ನೀರು. ಇಬ್ಬರದೂ ಗೋವಿನಜೋಳ, ಅದರ ಸಾಲುಗಳ ನಡುವೆ ಮನೆ ಖರ್ಚಿಗೆ ಅಲಸಂದಿ. ಈ ನಡುಸಾಲಿಗೆ ಅಕ್ಕಡಿ ಅನ್ನುತ್ತಾರೆ. ಜೋಳ ಗಂಡಸರದು, ಅಕ್ಕಡಿ ಹೆಂಗಸರದು. ಬೀಜ ಕಾಯ್ದಿಡುವುದು, ಸೀರೆಯ ಉಡಿಯಲ್ಲಿ ಕಟ್ಟಿಕೊಂಡು ಹೋಗಿ ಊರುವುದು, ಕಾಯಿ ಬಿಡಿಸುವುದು ಎಲ್ಲ ಮನೆಯಾಕೆಯ ಕೆಲಸ. ಹಾಗಾಗಿ ಅಕ್ಕಡಿ ಕೆಟ್ಟರೆ ಮಾತು ಬರುವುದು ಆಕೆಯ ಕೈಗುಣಕ್ಕೆ.

ಅಕ್ಕನ ಅಕ್ಕಡಿ ನೋಡಬೇಕಿತ್ತು! ಜೋಳದ ದಂಟಿಗೆ ಬಳ್ಳಿ ಸುತ್ತಿ ಗೊಂಚಲು ಗೊಂಚಲು ಕಾಯಿ, ಆದರೂ ದಂಟು ನೆಟ್ಟಗೆ. ನಮ್ಮ ಹೊಲದಲ್ಲಿ ಬಳ್ಳಿ ಹಬ್ಬಿ ಜೋಳವನ್ನೇ ನೆಲಕ್ಕೆ ಕೆಡವುತ್ತಿತ್ತು. ಎರಡು ವರ್ಷ ಹಾಗೇ ಆಯಿತು. ನನ್ನ ಹೊಟ್ಟೆಯೊಳಗೆ ಕೆಂಡ. ಬದುವಿನ ಮೇಲೆ ಸಿಕ್ಕರೆ ಆಕೆಯ ಜೊತೆ ನಗುತ್ತಿದ್ದೆ, ಮನಸ್ಸಿನಲ್ಲಿ ನಿನ್ನ ಬಳ್ಳಿಗೆ ಹುಳ ಬೀಳಲಿ ಅನ್ನುತ್ತಿದ್ದೆ. ಹೇಗೆ ಬೆಳೆಯುತ್ತೀ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಸಣ್ಣವಳಾಗುತ್ತೇನೆಂಬ ಸೊಕ್ಕು.

ಮೂರನೆಯ ವರ್ಷ ಅತ್ತೆ ನನ್ನ ಮುಂದೆಯೇ ಅಕ್ಕನನ್ನು ಕರೆದರು.

“ಯವ್ವಾ, ಈ ಸಲ ನಮ್ಮ ಅಕ್ಕಡೀನೂ ನೀನ ಊರವಾ. ನಮ್ಮಾಕಿ ಕೈಗುಣ ನೆಟ್ಟಗಿಲ್ಲ.”

“ಆತ್ರೀ ಚಿಗವ್ವಾ. ಗೊಂಜಾಳ ಮೊಳಕಾಲ ಮಟ ಬರ್ಲಿ, ಆಮ್ಯಾಲ ಬರ್ತೇನಿ,” ಅಂದಳು ಅಕ್ಕ.

ಆ ಮಾತೂ ನನಗೆ ಗತ್ತಾಗಿಯೇ ಕೇಳಿಸಿತು. ನಾವೆಲ್ಲ ಜೋಳದ ಜೊತೆಗೇ ಅಲಸಂದಿ ಊರುವಾಗ ಇವಳದೇನು ಬೇರೆ ಪಂಚಾಂಗ! ಎಂದು ಹಲ್ಲು ಕಡಿದೆ.

ಆಕೆ ಬರುವ ದಿನ ಬೆಳಿಗ್ಗೆ, ಅತ್ತೆ ಹೊಲಕ್ಕೆ ಹೋದ ಮೇಲೆ, ಬೀಜಕ್ಕೆಂದು ಇಟ್ಟ ಅಲಸಂದಿಯನ್ನು ಹಂಚಿಗೆ ಹಾಕಿ ಹುರಿದೆ. ಬಣ್ಣ ಕೆಡದಷ್ಟು, ಮೊಳಕೆ ಸಾಯುವಷ್ಟು. ನನ್ನದೇ ಹೊಲ, ನನ್ನದೇ ಬೀಜ, ಬರಿದಾಗುವುದು ನನ್ನದೇ ಸಾಲು... ಅದು ತಲೆಗೇ ಹೋಗಲಿಲ್ಲ. ಆಕೆಯ ಕೈಗುಣ ಒಂದು ಸಲ ಮಣ್ಣು ಮುಕ್ಕಬೇಕು, ಅತ್ತೆ ಅದನ್ನು ನೋಡಬೇಕು. ನನಗೆ ಅಷ್ಟೇ ಬೇಕಾಗಿತ್ತು.

ಹೊಲದಲ್ಲಿ ಆಕೆಯ ಉಡಿಗೆ ಆ ಬೀಜ ಸುರಿದೆ. ಊರುವ ಮುಂಚೆ ಒಂದು ಕಾಳು ಕಡಿದು ನೋಡುವುದು ನಮ್ಮ ಹೆಂಗಸರ ರೂಢಿ. ಹೊಟ್ಟೆಕಿಚ್ಚಿನಲ್ಲಿ ಅದು ಮರೆತೇ ಹೋಗಿತ್ತು. ಆಕೆ ಒಂದು ಕಾಳು ಬಾಯಿಗೆ ಹಾಕಿಕೊಂಡಳು. ಗರಿ ಗರಿ ಎಂದಿತು. ನನ್ನ ಮುಖ ನೋಡಿದಳು. ಇನ್ನೊಂದು ಹಾಕಿಕೊಂಡಳು. ಹತ್ತು ಹೆಜ್ಜೆ ಆಚೆ ಅತ್ತೆ ಕಳೆ ಕೀಳುತ್ತಿದ್ದರು. ಆಕೆ ಒಂದು ಮಾತು ಕೂಗಿ ಹೇಳಿದ್ದರೆ ಆ ಮನೆಯಲ್ಲಿ ನಾನು ತಲೆ ಎತ್ತುವಂತಿರಲಿಲ್ಲ.

“ಚಲೋ ಹುರದೀ ತಂಗಿ,” ಅಂದಳು ಮೆಲ್ಲಗೆ. “ಉಪ್ಪು ಒಂಚೂರು ಬೇಕಾಗಿತ್ತ.”

ಆಮೇಲೆ ಅತ್ತೆಯ ಕಡೆ ತಿರುಗಿ, “ಚಿಗವ್ವಾ, ಈ ಬೀಜ ನುಸಿ ಹಿಡದಾವ್ರಿ. ನಮ್ಮ ಮನ್ಯಾಗ ಉಳದಾವು, ತರ್ತೇನಿ ಇರ್ರಿ,” ಎಂದು ಕೂಗಿದಳು. ಊರಿನ ತನಕ ನಡೆದೇ ಹೋದಳು. ಬದುವಿನುದ್ದಕ್ಕೂ ಉಡಿಗೆ ಕೈ ಹಾಕಿ ನನ್ನ ಕಾಳು ತಿನ್ನುತ್ತ ಹೋಗಿದ್ದನ್ನು ನಾನು ನೋಡುತ್ತ ನಿಂತಿದ್ದೆ. ತನ್ನ ಮನೆಯ ಬೀಜ ತಂದು ಸಂಜೆಯೊಳಗೆ ನಮ್ಮ ಸಾಲೆಲ್ಲ ಊರಿ ಮುಗಿಸಿದಳು.

ಆ ವರ್ಷ ತುಂಬಿ ಬಂದ ಅಕ್ಕಡಿಯನ್ನು ಅತ್ತೆ ಮನೆಮನೆಗೆ ಹೋಗಿ ಹೊಗಳಿಕೊಂಡು ಬಂದರು. ನನಗೆ ಉಪಕಾರದ ನೆನಪಾಗಬೇಕಿತ್ತು, ಆಗಲಿಲ್ಲ. ಇನ್ನಷ್ಟು ಉರಿಯಿತು. ಆದರೆ ಒಂದು ತಿಳಿಯಿತು: ಅದು ಕೈಗುಣವಲ್ಲ, ಕಾಯುವುದು. ಜೋಳ ಮೊಳಕಾಲ ಮಟ್ಟ ಬಲಿತ ಮೇಲೆ ಅಲಸಂದಿ ಊರಿದರೆ ದಂಟು ಬಳ್ಳಿಯನ್ನು ತಾಳಿಕೊಳ್ಳುತ್ತದೆ. ಆಕೆ ಅದನ್ನು ನಮ್ಮೆದುರಿಗೇ ಬಾಯಿಬಿಟ್ಟು ಹೇಳಿದ್ದಳು. ಕೇಳಿಸಿಕೊಳ್ಳುವ ಕಿವಿ ನನಗಿರಲಿಲ್ಲ.

ಮರುವರ್ಷ ನಾನೇ ಕಾದು ಊರಿದೆ. ಅಕ್ಕಡಿ ಅಷ್ಟೇ ಚೆನ್ನಾಗಿ ಬಂತು. ಅತ್ತೆ ಏನಂದರು ಗೊತ್ತೇ? “ಆಕಿ ಕೈ ತಾಗಿದ ಮಣ್ಣ ಐತಿ, ಬರದ ಏನ್ ಮಾಡ್ತತಿ!” ಅಯ್ಯೋ ಶಿವನೇ! ಕಡೆಯ ತನಕ ಹಾಗೆನ್ನುತ್ತಲೇ ಇದ್ದು ಅತ್ತೆ ತೀರಿಕೊಂಡರು.

ಎರಡು ಮಳೆಗಾಲದ ಹಿಂದೆ ಅಕ್ಕನೂ ಹಾಸಿಗೆ ಹಿಡಿದಳು. ಗೋಕಾಕಿನ ದವಾಖಾನೆಗೆ ನೋಡಲು ಹೋಗಿದ್ದೆ. ಪಕ್ಕದ ಮಂಚದ ಹೆಂಗಸಿಗೆ ನನ್ನನ್ನು ತೋರಿಸಿ, “ಈಕಿ ನಮ್ಮ ಬಾಜೂ ಹೊಲದಾಕಿ. ಭಾಳ ಚಲೋ ಕೈಗುಣ ಈಕೀದು,” ಅಂದಳು. ತಪ್ಪಾಯಿತು ಅನ್ನಲು ಅದೇ ಹೊತ್ತು. ನಾನು, “ಅರಾಮ ಆಗ್ರಿ ಅಕ್ಕಾ,” ಎಂದು ಬಾಳೆಹಣ್ಣು ಇಟ್ಟು ಎದ್ದು ಬಂದೆ... ವಾರದಲ್ಲಿ ಹೋಗಿಬಿಟ್ಟಳು.

ಈಗ ಆಕೆಯ ಹೊಲದ ತುಂಬ ಕಬ್ಬು. ಊರಲ್ಲಿ ಯಾರದೇ ಅಕ್ಕಡಿ ಇರಲಿ, ಊರಲು ನನ್ನನ್ನೇ ಕರೆಯುತ್ತಾರೆ, ಕೈಗುಣ ಅನ್ನುತ್ತಾರೆ. ಬೇಕಾಗಿದ್ದ ಮಾತು ಅದೇ ಅಲ್ಲವೇ, ಹೋಗುತ್ತೇನೆ. ಆದರೆ ಆಕೆಯ ಜಾಗದಲ್ಲಿ ನಾನಿದ್ದಿದ್ದರೆ ಆವತ್ತೇ ಬದುವಿನ ಮೇಲೆ ನಿಂತು ಊರು ಕೂಡಿಸುತ್ತಿದ್ದೆ, ಅದು ನನಗೆ ಗೊತ್ತು. ಆಕೆ ಸಾಯುವ ತನಕ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ. ಅಕ್ಕಡಿ ಬೆಳೆಯುವುದನ್ನು ಆಕೆಯಿಂದ ಕಲಿತೆ, ಇದೊಂದನ್ನು ಕಲಿಯಲಾಗಲಿಲ್ಲ. ಅದಕ್ಕೇ ಇವತ್ತಿಗೂ ಆಕೆಯ ಮೇಲೆ ನನಗೆ ಹೊಟ್ಟೆಕಿಚ್ಚು. ಬದುವಿನ ಆಚೆ ನೋಡಿದರೆ ಯಾರೂ ಇಲ್ಲ.